ಡೈರಿಯ ಸೊಟ್ಟ ಸಹಿ

"ಇದು ನಿಮ್ಮಪ್ಪ ಹಾಕಿದ ಸಹಿನಾ, ನೀನೇ ಗೀಚಿದ್ದಾ?"

ಮಿಸ್ ಡೈರಿಯನ್ನು ಮೇಜಿನ ಮೇಲೆ ತೆರೆದಿಟ್ಟರು. ಈಚಿನ ಸಹಿಗಳಂತೆ ನಿನ್ನೆಯದೂ ಎರೆಹುಳು ಹರಿದ ಹಾಗಿತ್ತು.

"ಕಡ್ಡಿ ಕಾಲಲ್ಲಿ ಬರ್ದಿದಾಳೆ ಮಿಸ್" ಎಂದು ಹಿಂದಿನ ಬೆಂಚು ನಕ್ಕಿತು. ತೆಳ್ಳಗಿದ್ದಾಳೆಂದು ಕ್ಲಾಸಿಗೆಲ್ಲ ಅವಳು ಕಡ್ಡಿ.

ಅಪ್ಪನದೇ ಎಂದು ಎಷ್ಟು ಹೇಳಿದರೂ ಮಿಸ್ ನಂಬಲಿಲ್ಲ. ನಾಳೆ ಅಪ್ಪನನ್ನು ಕರೆತರಬೇಕು, ಇಲ್ಲವಾದರೆ ಕ್ಲಾಸಿನ ಹೊರಗೆ ನಿಲ್ಲಬೇಕು ಎಂದರು.

ಅಪ್ಪನದು ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಶೆಡ್ಡಿನಲ್ಲಿ ಹುಳದ ಔಷಧಿ ಹೊಡೆಯುವ ಕೆಲಸ. ಸಂಜೆ ಅವನು ಕಣ್ಣು ಕಿರಿದು ಮಾಡಿ ಡೈರಿ ನೋಡಿದ.

"ಇದು ನನ್ನ ಸಹಿ ಅಲ್ವಲ್ಲ ಮಗಳೇ. ನಾನ್ಯಾವಾಗ ಹಾಕ್ದೆ?"

ಕಡ್ಡಿಗೆ ದಿಕ್ಕೇ ತೋಚಲಿಲ್ಲ. ನಿನ್ನೆ ಇದೇ ಚಾಪೆಯ ಮೇಲೆ, ಎರಡು ಸಲ ಪೆನ್ನು ಬೀಳಿಸಿಕೊಂಡು, ಅಪ್ಪನೇ ಹಾಕಿದ್ದ. ಅಥವಾ ತಾನೇ ಗೀಚಿಬಿಟ್ಟೆನೋ? ತನ್ನ ಮೇಲೇ ಅನುಮಾನ ಬಂತು. ಹೋದ ವಾರ ಅಪ್ಪ ದಾರಿ ತಪ್ಪಿ ಪಕ್ಕದ ಬೀದಿಗೆ ಹೋಗಿದ್ದಾಗ, ಕುಡಿದಿದ್ದಾನೆ ಎಂದು ಜನ ಆಡಿಕೊಂಡಿದ್ದರು. ಅಪ್ಪ ಒಂದು ತೊಟ್ಟೂ ಕುಡಿಯುವವನಲ್ಲ.

ಮರುದಿನ ಅಪ್ಪ ಒಂದು ಗಂಟೆ ಪರ್ಮಿಶನ್ ಕೇಳಿ ಬಂದ. ಮಿಸ್ ಕೊಟ್ಟ ಕಾಗದದ ಮೇಲೆ ಪೆನ್ನು ಕುಣಿಯಿತು. ಅದೇ ಎರೆಹುಳು.

"ಚಳಿ ಮೇಡಂ" ಎಂದ ಅಪ್ಪ. ಅವನ ಹಣೆಯಲ್ಲಿ ಬೆವರಿತ್ತು.

ಮಿಸ್ ಮುಖ ಸಣ್ಣದಾಯಿತು. ಕೆಲಸದ ಬಗ್ಗೆ ಮೆಲ್ಲಗೆ ಕೇಳಿದರು. ಡ್ರಮ್ಮಿನ ಔಷಧಿಯನ್ನು ಬರಿಗೈಯಲ್ಲೇ ಕಲಕುವುದು, ಕೋಲಿನಲ್ಲಿ ಕಲಕಿದರೆ ಗಂಟು ಉಳಿಯುತ್ತದೆ ಎಂದ ಅಪ್ಪ. ವಾಸನೆ ಇಲ್ಲದ ಔಷಧಿಗೆ ಮಾಸ್ಕ್ ಬೇಡ ಅಂತಾರೆ ಮ್ಯಾನೇಜರ್ರು. ಮಾಸ್ಕ್ ಮೊಳೆಗೆ ನೇತಾಡುತ್ತದೆ, ಹೂ ಕೊಳ್ಳುವ ದೊಡ್ಡವರು ಬಂದ ದಿನ ಫೋಟೋಗೆ ಇಳಿಯುತ್ತದೆ. ಕಂಪನಿ ಡಾಕ್ಟರು ನಿಶ್ಶಕ್ತಿ ಎಂದು ಟಾನಿಕ್ ಬರೆದರಂತೆ.

ಕಡ್ಡಿ ಸುಮ್ಮನೆ ಡೈರಿ ತಿರುವುತ್ತಿದ್ದಳು. ಎರೆಹುಳು, ಎರೆಹುಳು. ನಡುವೆ ಒಂದು ವಾರ ಮಾತ್ರ ಮುದ್ರಿಸಿದಂಥ ದುಂಡು ಸಹಿ. ಮತ್ತೆ ಎರೆಹುಳು.

ಬೆರಳು ಅಲ್ಲೇ ನಿಂತಿತು. "ಮಿಸ್, ಈ ವಾರ ಶೆಡ್ಡಿನ ಪ್ಲಾಸ್ಟಿಕ್ ಬದಲಾಯಿಸ್ತಿದ್ರು. ಅಪ್ಪ ಔಷಧಿ ಹೊಡೆದಿರ್ಲಿಲ್ಲ."

ಅಪ್ಪ ತನ್ನ ಕೈಯನ್ನೇ, ಬೇರೆ ಯಾರದ್ದೋ ಎಂಬಂತೆ, ನೋಡಿಕೊಂಡ. ಆಮೇಲೆ ಗಡಿಯಾರ ನೋಡಿ ಎದ್ದ.

ಕಡ್ಡಿ ಗೇಟಿನವರೆಗೂ ಹಿಂದೆಯೇ ಓಡಿದಳು. "ಶೆಡ್ಡಿಗೆ ಬೇಡಪ್ಪ. ದೊಡ್ಡಾಸ್ಪತ್ರೆಗೆ ಹೋಗಣ."

"ಅಲ್ಲಿ ಏನಂತ ಹೇಳ್ಲಿ? ನಂಗೇ ನೆನಪಿರಲ್ಲ."

ಒಂದು ಕೈಯಲ್ಲಿ ಅವಳು ನಡುಗುವ ಆ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಡೈರಿಯಿತ್ತು.