ಹಿಂದಕ್ಕೆ ಓಡಿದ ಆಡು

"ಏ ಖಮರ, ಈ ಆಡು ಮೊದಲಿಗಿ ಕ್ಲಾಸಿನಾಗ ಕುಂತು, ಆಮ್ಯಾಲ ತೊಗರಿ ಕಳವು ಮಾಡಾಕ ಹೋಗ್ತದೇನ ಬೇ?"

ಸಂಜುಕುಮಾರ ಡ್ರಾಯಿಂಗ್ ಶೀಟನ್ನು ಎತ್ತಿ ಹಿಡಿದು ಕೇಳಿದ. ಸುನಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಖಮರಳ ಕಿವಿ ಬಿಸಿಯಾದವು.

ನಿಂಬರ್ಗಾದ ಈ ಮೂವರೂ ಸೇರಿ ಶಾಲೆಗೆ ಒಂದು ಸಿನಿಮಾ ಮಾಡಬೇಕಿತ್ತು. ಶನಿವಾರ ಶಿವಕಾಂತಾ ಟೀಚರ್ ತಮ್ಮ ಮೊಬೈಲ್ ಕೊಡುತ್ತಾರೆ. ಅದಕ್ಕೂ ಮೊದಲು ಸ್ಟೋರಿಬೋರ್ಡ್ ಬೇಕು. ಯಾವ ಶಾಟ್ ಆದ ಮೇಲೆ ಯಾವುದು ಎಂದು ಚೌಕ ಚೌಕವಾಗಿ ಚಿತ್ರ ತೆಗೆಯಬೇಕು.

ಕತೆ ಸಂಜುವಿನದು. ಅವನ ಆಯಿ, ಎಂದರೆ ಅಜ್ಜಿ ಸುಭದ್ರಾಬಾಯಿ, ಅಂಗಳದಲ್ಲಿ ತೊಗರಿ ಒಣಹಾಕುತ್ತಾಳೆ. ಆಡು ಬಂದು ಮೇಯುತ್ತದೆ. ಆಯಿ ಕೋಲು ಹಿಡಿದು ಬೆನ್ನು ಹತ್ತುತ್ತಾಳೆ. ಆಡು ಓಡಿಹೋಗಿ ಕ್ಲಾಸಿನಲ್ಲಿ ಹುಡುಗರ ನಡುವೆ ಕೂರುತ್ತದೆ.

ಚಿತ್ರ ತೆಗೆಯುವುದು ಖಮರಳ ಪಾಲಿಗೆ ಬಂದಿತ್ತು. ಈ ಶಾಲೆಗೆ ಸೇರಿದ ಮೇಲೆ ಯಾರಾದರೂ ಅವಳನ್ನು ಕರೆದು ಕೊಟ್ಟ ಮೊದಲ ಕೆಲಸ ಅದು.

"ಕೊನೀ ಚೌಕ ನೋಡು," ಸಂಜು ಬಿಡಲಿಲ್ಲ. "ತಿಂದ ತೊಗರಿ ಎಲ್ಲಾ ಮತ್ತ ಅಂಗಳದಾಗ ಬಂದು ಬಿದ್ದದ! ಇಂಥಾ ಆಡು ಸಿಕ್ಕರ ನಮ್ಮ ಆಯಿ ದಿನಾ ಹಾರ ಹಾಕ್ತಾಳ."

"ಹಂಗಾರ ಚಿತ್ರ ನಾ ತೆಗೀಲೇನು?" ಎಂದಳು ಸುನಿತಾ.

ಖಮರ ತಟ್ಟನೆ ಶೀಟಿನ ಬಲತುದಿಯ ಚೌಕದ ಮೇಲೆ ಬೆರಳಿಟ್ಟಳು. "ಈ ಕಡಿಂದ ನೋಡ್ರಿ. ಇಲ್ಲಿ ಆಯಿ ತೊಗರಿ ಹಾಕಾಕತ್ತಾಳ."

"ಬಲಗಡಿಂದ ಯಾರ ಓದ್ತಾರ?" ಸಂಜು ಕೇಳಿದ.

"ನಾ ಓದ್ತೇನಿ."

ಐದನೆಯ ಕ್ಲಾಸಿನ ತನಕ ಅವಳು ಕಲಿತದ್ದು ಉರ್ದು ಶಾಲೆಯಲ್ಲಿ. ಅಲ್ಲಿ ಪುಸ್ತಕ ತೆರೆಯುವುದೇ ಬಲಗಡೆಯಿಂದ. ಕನ್ನಡ ಬರೆಯುವಾಗ ಅವಳ ಕೈ ಎಡದಿಂದಲೇ ಹೊರಡುತ್ತಿತ್ತು. ಆದರೆ ಚಿತ್ರದಲ್ಲಿ ಅಕ್ಷರ ಎಲ್ಲಿದ್ದವು? ಕೈ ತನ್ನ ಹಳೆಯ ದಾರಿ ಹಿಡಿದಿತ್ತು.

ಸಂಜು ಬಲಗಡೆಯಿಂದ ನೋಡುತ್ತ ಬಂದ. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುವ ಮುದುಕಿಯ ಚಿತ್ರದ ಮೇಲೆ ಅವನ ಕಣ್ಣು ನಿಂತಿತು. "ಥೇಟ್ ನಮ್ಮ ಆಯಿನೇ," ಎಂದ. ಅಷ್ಟರಲ್ಲಿ ಬೆಲ್ ಆಯಿತು. ಚಿತ್ರ ಯಾರು ತೆಗೆಯಬೇಕು ಎನ್ನುವ ಮಾತು ಅಲ್ಲಿಗೇ ಉಳಿಯಿತು.

ಶನಿವಾರ ಖಮರ ಹೊಸದಾಗಿ ಚಿತ್ರ ತೆಗೆದ ಶೀಟು ತಂದಳು; ಹಳೆಯದೂ ಚೀಲದಲ್ಲಿತ್ತು. ಟೀಚರ್ ಕೊಟ್ಟ ಮೊಬೈಲ್ ಸುನಿತಾಳ ಕೈಯಲ್ಲಿತ್ತು. ಸಂಜುವಿನ ಅಂಗಳದಲ್ಲಿ ತೊಗರಿ ಹರಡಿತ್ತು. ಸುಭದ್ರಾಬಾಯಿ ಕೋಲು ಹಿಡಿದು ನಿಂತಿದ್ದಳು. ಆಡನ್ನು ಪಕ್ಕದ ಗೂಟಕ್ಕೆ ಕಟ್ಟಿದ್ದರು.

ಸಂಜು ಶೀಟು ಬಿಚ್ಚಿ, ಬಲತುದಿಯ ಚೌಕದ ಮೇಲೆ ಬೆರಳಿಟ್ಟು ಜೋರಾಗಿ ಓದಿದ. "ಫಸ್ಟ್ ಶಾಟ್. ಆಡು ಕ್ಲಾಸಿನಾಗ ಕುಂತದ..." ತಟ್ಟನೆ ನಿಂತ. "ಮತ್ತ ಉಲ್ಟಾ ಆತಲ್ಲ ಬೇ!"

"ನಾ ಈ ಸಲ ಎಡಗಡಿಂದ ತೆಗದೇನಿ," ಎಂದಳು ಖಮರ. "ನಿಮ್ಮ ಸಲುವಾಗಿ."

"ನಾ ಬಲಗಡಿಂದ ಓದೇನಿ. ನಿನ್ನ ಸಲುವಾಗಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಲಗೂ ಹೇಳ್ರೋ," ಸುಭದ್ರಾಬಾಯಿ ಗದರಿಸಿದಳು. "ಕೋಲು ಹಿಡದು ಕೈ ಸೋತದ. ನಾ ಯಾವ ಕಡಿ ಓಡ್ಲಿ?"

ಮೂವರೂ ಬಿದ್ದು ಬಿದ್ದು ನಕ್ಕರು. ಸಂಜುವಿನ ಕೈಯಲ್ಲಿ ಜೋಲುತ್ತಿದ್ದ ಶೀಟಿಗೆ ಆಡು ಬಾಯಿ ಹಾಕಿತು. ಎಳೆದುಕೊಳ್ಳುವಷ್ಟರಲ್ಲಿ ಒಂದು ಚೌಕ ಅದರ ಹೊಟ್ಟೆ ಸೇರಿತ್ತು.

ಸುನಿತಾ ತನ್ನ ಪೆನ್ಸಿಲ್ ತೆಗೆದು ಖಮರಳ ಮುಂದೆ ಹಿಡಿದಳು. "ತಗೋ. ಅದೊಂದು ಮತ್ತ ತೆಗಿ."

ಖಮರ ಕಟ್ಟೆಯ ಮೇಲೆ ಕೂತು, ಹಳೆಯ ಶೀಟಿನ ಬೆನ್ನಿಗೆ ಚಿತ್ರ ತೆಗೆಯತೊಡಗಿದಳು. ಯಾವ ಕಡೆಯಿಂದ ಎಂದು ಯಾರೂ ಕೇಳಲಿಲ್ಲ.