ಅಕ್ಕ ನುಡಿಸಿದ ಒಂದೇ ರೆಕಾರ್ಡ್

"ಕವರು ಇದೆ... ಒಳಗೆ ತಟ್ಟೆನೇ ಇಲ್ಲ!"

ರೆಕಾರ್ಡ್ ಅಂಗಡಿಯ ಯಜಮಾನರ ದನಿ ಬಿದ್ದುಹೋಯಿತು. ಹಿಂದಿನ ಕೋಣೆಯಲ್ಲಿ ಚಹಾ ಮುಗಿಸಿ ಬರುತ್ತಿದ್ದ ನಾವು ಬಾಗಿಲಲ್ಲೇ ನಿಂತೆವು — ನಾನು, ನನ್ನ ಸೋದರತ್ತೆ, ಹಲ್ಲಿನ ಡಾಕ್ಟರು, ಡ್ರೈವಿಂಗ್ ಮೇಷ್ಟ್ರು, ಟೈಲರಮ್ಮ.

ವಾರಕ್ಕೊಂದು ಸಂಜೆ ಯಜಮಾನರು ನಮ್ಮಂಥ ಹೊಸಬರಿಗೆ ಸ್ಪ್ಯಾನಿಷ್ ಗಿಟಾರ್ ಕೇಳಿಸುತ್ತಿದ್ದರು. ಆ ದಿನ ಹಾಕಿದ್ದು ಅಂಗಡಿಯ ಸರಕಲ್ಲ. ತೀರಿಕೊಂಡ ಅವರ ಅಕ್ಕ ನುಡಿಸಿದ ರೆಕಾರ್ಡ್. ಜಗತ್ತಿನಲ್ಲಿ ಇದ್ದದ್ದು ಅದೊಂದೇ ತಟ್ಟೆ. ಅಕ್ಕ ಹೋದ ಮೇಲೆ ಬೀರುವಿನಲ್ಲಿ ಸಿಕ್ಕಿದ್ದನ್ನು ಅಂದೇ ಮೊದಲ ಸಲ ಬೇರೆಯವರ ಮುಂದೆ ಹಾಕಿದ್ದರು. ನಡುವೆ ಗಿಟಾರ್ ಇದ್ದಕ್ಕಿದ್ದಂತೆ ಸುಮ್ಮನಾದಾಗ, ಮುಗಿಯಿತೆಂದು ಚಪ್ಪಾಳೆ ತಟ್ಟಿ ನಾವು ನಗೆಪಾಟಲಾಗಿದ್ದೆವು. ಮರುದಿನ ಸ್ಟುಡಿಯೋದವರು ಬಂದು, ಹೊಸ ಕೇಳುಗರಿಗಾಗಿ ಅದರ ಸಾವಿರ ಪ್ರತಿ ಮಾಡುವವರಿದ್ದರು.

"ಯಾರೂ ಕೂರಬೇಡಿ! ತಟ್ಟೆ ಎಲ್ಲಿದೆಯೋ!" ಅತ್ತೆ ಗುಡುಗಿದರು. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ದನಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. "ಅದು ಬಿದ್ರೆ ಏನಾಗುತ್ತೆ, ಯಜಮಾನ್ರೇ?"

"ಚೂರುಚೂರು, ತಾಯಿ. ಅಕ್ಕನ ಕೈ ಇನ್ನೆಲ್ಲೂ ಕೇಳಿಸಲ್ಲ."

"ಎಲ್ಲರ ಚೀಲ ಬಿಚ್ಚಿಸಿ," ಡಾಕ್ಟರು ಗದರಿದರು. "ಮೊದಲು ಈ ಮೇಷ್ಟ್ರದ್ದು. ಚಹಾ ಬಿಟ್ಟು ಎದ್ದು ಹೋಗಿದ್ರು."

"ಫೋನ್ ಬಂದಿತ್ತು ಕಣ್ರೀ! ಆ ತಟ್ಟೆಯ ಬೆಲೆ ಕೇಳಿದ್ದು ನಾನಾ, ನೀವಾ?"

"ಕೇಳಿದ್ದು ನಿಜ. ಸ್ಪ್ಯಾನಿಷ್ ಗಿಟಾರ್‌ನ ವರ್ಷಗಟ್ಟಲೆ ಕೇಳಿರೋನು ನಾನು!"

"ಮತ್ತೆ ಹೊಸಬರ ಸಾಲಲ್ಲಿ ಕೂತಿದ್ದು ಬಿಸ್ಕತ್ತಿಗಾ?"

ಅತ್ತೆ ಕೈಯೆತ್ತಿದರು. "ಚೀಲ ಬಿಚ್ಚಿಸಲ್ಲ. ಗಾಬರಿಯಲ್ಲಿ ಒಂದು ತಳ್ಳಾಟ ಆದ್ರೂ ಸಾಕು, ಮುಗೀತು. ಡಾಕ್ಟ್ರೇ, ನೀವು ಎದ್ದಿದ್ದು?"

"ಕೈ ತೊಳೆಯೋಕೆ, ಇದೇ ಕೋಣೆ ದಾಟಿ."

"ಟೈಲರಮ್ಮ, ನೀವು?"

"ಕನ್ನಡಕ ಮರೆತಿದ್ದೆ, ತರೋಕೆ."

ಅಂದರೆ ಮೂವರೂ ಒಬ್ಬೊಬ್ಬರೇ ಈ ಕೋಣೆಗೆ ಬಂದಿದ್ದರು! ಯಜಮಾನರು ಖಾಲಿ ಕವರಿನೊಳಗೆ ಮತ್ತೆ ಮತ್ತೆ ಇಣುಕುತ್ತಿದ್ದರು.

"ಡಾಕ್ಟ್ರೇ, ಈ ಹಾಡು ಬೇರೆಯವರು ನುಡಿಸಿದ್ದನ್ನ ಕೇಳಿದ್ದೀರಾ?" ಅತ್ತೆ ಕೇಳಿದರು.

"ಎಷ್ಟೋ ಸಲ. ಯಾರೂ ಹಾಗೆ ನಡುವೆ ನಿಲ್ಲಿಸಲ್ಲ. ಅದಕ್ಕೇ ನಾನೂ ಮೋಸಹೋದೆ."

"ಹೌದು, ಜೋರಾಗಿ ತಟ್ಟಿದ್ದೇ ನೀವು." ಅತ್ತೆಯ ದನಿ ತಗ್ಗಿತು. "ನನಗೆ ಸಂಗೀತ ತಲೆಗೆ ಹತ್ತಲ್ಲ. ಅದಕ್ಕೇ ಸುಮ್ಮನೆ ಜನರನ್ನ ನೋಡ್ತಾ ಕೂತಿದ್ದೆ. ಎಲ್ಲರೂ ತಟ್ಟಿದ್ರು. ಒಬ್ಬರು ಮಾತ್ರ ಉಸಿರು ಬಿಗಿಹಿಡಿದು ಕಾಯ್ತಾ ಇದ್ರು. ಮುಗಿದಿಲ್ಲ ಅಂತ ಅವರಿಗೆ ಹೇಗೆ ಗೊತ್ತು? ಯಜಮಾನರು ಇದನ್ನ ಇವತ್ತಿನವರೆಗೆ ಯಾರಿಗೂ ಕೇಳಿಸಿಲ್ಲ. ಬೇರೆ ಯಾರೂ ಹೀಗೆ ನುಡಿಸಲ್ಲ. ಅಂದ್ಮೇಲೆ ಅಕ್ಕ ಬದುಕಿದ್ದಾಗಲೇ ಕೇಳಿದವರು. ಆದ್ರೂ ಈ ಗಿಟಾರ್ ಕೇಳ್ತಿರೋದು ಇದೇ ಮೊದಲು ಅಂತ ನಮ್ಮ ಹತ್ತಿರ ಹೇಳಿಕೊಂಡವರು. ಅಲ್ವಾ, ಟೈಲರಮ್ಮ?"

ಟೈಲರಮ್ಮ ಬಟ್ಟೆ ಕತ್ತರಿಸುವ ಅಳತೆ ಕಾಗದಗಳ ಅಗಲವಾದ ಫೈಲನ್ನು ಮೇಜಿನ ಮೇಲಿಟ್ಟು, ಮೆಲ್ಲಗೆ ಬಿಡಿಸಿದರು. ಕಾಗದಗಳ ನಡುವೆ ಕಪ್ಪು ತಟ್ಟೆ — ಇಡಿಯಾಗಿ.

"ನಿಮ್ಮಕ್ಕನಿಗೆ ಬ್ಲೌಸ್ ಹೊಲೀತಿದ್ದೆ. ಸ್ನೇಹ ಬೆಳೀತು. ರೆಕಾರ್ಡ್ ಮಾಡೋವಾಗ ಪಕ್ಕದಲ್ಲೇ ಇದ್ದೆ. ಆಮೇಲೆ ಕೇಳಿ ಅತ್ತುಬಿಟ್ರು. ಕೊನೇಲಿ ಒಂದು ಕಡೆ ಬೆರಳು ತಪ್ಪಿದೆಯಂತೆ. 'ಯಾರ ಕಿವಿಗೂ ಬೀಳಬಾರದು, ಒಡೆದುಹಾಕು' ಅಂತ ನನ್ನ ಕೈಗೆ ಕೊಟ್ರು. ಒಡೆದೆ ಅಂತ ಸುಳ್ಳು ಹೇಳಿ, ಅವರ ಬೀರುವಲ್ಲೇ ಬಟ್ಟೆ ಕೆಳಗೆ ಬಚ್ಚಿಟ್ಟೆ. ಈಗ ಸಾವಿರ ಪ್ರತಿ ಅಂದ್ರಲ್ಲ... ತಡ್ಕೊಳ್ಳೋಕೆ ಆಗ್ಲಿಲ್ಲ."

"ನನಗೆ ಒಂದು ತಪ್ಪೂ ಕೇಳಿಸಲಿಲ್ಲವಲ್ಲಮ್ಮ," ಎಂದರು ಯಜಮಾನರು. ಆಮೇಲೆ ಸ್ಟುಡಿಯೋಗೆ ಫೋನು ಮಾಡಿ, "ನಾಳೆ ಬರಬೇಡಿ," ಎಂದಷ್ಟೇ ಹೇಳಿ ಇಟ್ಟರು.

ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಟೈಲರಮ್ಮನ ಮುಂದೆ ಹಿಡಿದರು.

"ಅಕ್ಕನ ಮಾತು ಅಕ್ಕನದೇ. ನನ್ನ ಕೈಲಂತೂ ಆಗಲ್ಲ. ನೀವೇ ಒಡೆದುಬಿಡಿ."

ಟೈಲರಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದರು.

"ಒಡೆಯೋಕೆ ಆಗಿದ್ರೆ ಕದೀತಿದ್ನಾ, ಅಣ್ಣಾ?"