ಪಕ್ಕದ ಸೀಟಿನ ದೀಪ

"ಬಾಗಿಲು ಮುಟ್ಟಬೇಡಿ!"

ಅವಳು ಕಿರುಚಿದ ರಭಸಕ್ಕೆ ಕಾರಿನ ಹಿಡಿಯ ಮೇಲಿದ್ದ ಅವನ ಕೈ ಕೆಂಡ ತಾಗಿದಂತೆ ಹಿಂದಕ್ಕೆ ಬಂತು. ಕಣ್ಣ ಮೇಲಿದ್ದ ಕನ್ನಡಕ ಜಾರಿ ಮೂಗಿನ ತುದಿಗೆ ಬಂದು ನಿಂತಿತು.

"ಇದು... ನನ್ನದೇ ಕಾರು..."

"ಯಾರದ್ದಾದ್ರೂ ಇರ್ಲಿ ಸರ್. ಈಗ ತಾನೇ ಅದಕ್ಕೆ ನಿದ್ದೆ ಹತ್ತುತ್ತಿದೆ. ಬಾಗಿಲು ತೆಗೆದ್ರೆ ಎಚ್ಚರ ಆಗುತ್ತೆ. ಆಮೇಲೆ ಮೊದಲಿಂದ ನಲವತ್ತು ನಿಮಿಷ ಕಾಯ್ಬೇಕು. ನೀವೇನು ಲಾಲಿ ಹಾಡ್ತೀರಾ?"

ಅವನು ಕಾರನ್ನು ನೋಡಿದ. ಅವಳನ್ನು ನೋಡಿದ. ತೊಟ್ಟಿಲ ಪಕ್ಕ ನಿಂತವನಂತೆ ದನಿ ತಗ್ಗಿಸಿ ಕೇಳಿದ.

"ಗೊರಕೆ ಹೊಡೆಯುತ್ತಾ?"

ನಗಬಾರದು ಅಂದುಕೊಂಡಳು. ನಕ್ಕೇಬಿಟ್ಟಳು!

ಅವಳು ಕಾರುಗಳ ಎಲೆಕ್ಟ್ರಿಷಿಯನ್. ಸೋದರಮಾವನ ಗ್ಯಾರೇಜಿನಲ್ಲಿ ವೈರುಗಳ ಸಿಕ್ಕು ಬಿಡಿಸುತ್ತ ಬೆಳೆದವಳು. ಬೀಗ ಹಾಕಿ ನಿಲ್ಲಿಸಿದ ಕಾರು ಥಟ್ಟನೆ ಮಲಗುವುದಿಲ್ಲ, ಒಳಗಿನ ಪುಟ್ಟ ಪುಟ್ಟ ಯಂತ್ರಗಳು ಒಂದೊಂದಾಗಿ ಕಣ್ಣು ಮುಚ್ಚಬೇಕು. ಎಲ್ಲವೂ ಮಲಗಿದ ಮೇಲೂ ಬ್ಯಾಟರಿಯಿಂದ ಕರೆಂಟು ಸೋರುತ್ತಿದ್ದರೆ ಒಳಗೆ ಯಾವನೋ ಕಳ್ಳ ಎಚ್ಚರವಾಗಿದ್ದಾನೆ ಎಂದೇ ಅರ್ಥ. ಆ ಕಳ್ಳನನ್ನು ಮೀಟರಿನಿಂದ ಹಿಡಿಯುವುದು ಅವಳ ವಿದ್ಯೆ.

ಆ ದಿನ ಕಳ್ಳ ಇರಲಿಲ್ಲ. ಬ್ಯಾಟರಿಗೆ ಮುಪ್ಪು ಬಂದಿತ್ತು, ಅಷ್ಟೇ. ಹೊಸದನ್ನು ಕೂರಿಸಿದಳು.

ಆದರೆ ಆ ನಲವತ್ತು ನಿಮಿಷ...

ಬಾನೆಟ್ಟಿನ ಆಚೆ ಅವನು, ಈಚೆ ಅವಳು. ಕಾರಿಗೆ ಎಚ್ಚರವಾಗುತ್ತದೆಂದು ಇಬ್ಬರೂ ಪಿಸುಮಾತಿನಲ್ಲೇ ಹರಟಿದರು. ಕಾರಿಗೆ ಕಿವಿ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ! ಅವನದು ಕನ್ನಡಕದ ಅಂಗಡಿ. ಅಂಗಡಿಗೆ ನಡೆದೇ ಹೋಗುತ್ತಾನೆ. ಸೋಮವಾರ ಮಾತ್ರ ಕಾರು ತೆಗೆದು ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ಪರೀಕ್ಷೆ ಮಾಡಿ ಬರುತ್ತಾನೆ. ಉಳಿದ ಆರು ದಿನ ಕಾರು ಮನೆಯ ಮುಂದೆ ನಿಂತೇ ಇರುತ್ತದೆ.

ಎರಡು ವಾರದ ಮೇಲೆ, ಸೋಮವಾರ ಬೆಳಿಗ್ಗೆ, ಫೋನು.

"ಮೇಡಂ... ಕಾರು ಮತ್ತೆ ಏಳ್ತಾ ಇಲ್ಲ."

ಹೊಸ ಬ್ಯಾಟರಿ! ಅವಳ ಮಾನದ ಪ್ರಶ್ನೆ. ಓಡಿಹೋಗಿ ಚಾರ್ಜ್ ಮಾಡಿ ಕೊಟ್ಟಳು. ಮುಂದಿನ ಸೋಮವಾರ ಮತ್ತೆ ಅದೇ ಕಥೆ. ಅಷ್ಟರಲ್ಲಿ ಅವಳಿಗೆ ಇನ್ನೊಂದು ರೋಗವೂ ತಿಳಿದುಹೋಗಿತ್ತು. ಭಾನುವಾರ ಸಂಜೆಯಿಂದಲೇ ತಾನು ಸೋಮವಾರಕ್ಕೆ ಕಾಯುತ್ತಿದ್ದೇನೆ! ಅವನಿಗೂ ಹೀಗೇ ಆಗುತ್ತದೆಯೇ? ಇಲ್ಲ, ಬರೀ ಬ್ಯಾಟರಿಗಾಗಿ ಕರೆಯುತ್ತಾನೆಯೇ?

"ಈ ಸಲ ಕಾರು ಹೇಗೆ ನಿಂತಿದೆಯೋ ಹಾಗೇ ಇರ್ಬೇಕು," ಎಂದು ಫೋನಿನಲ್ಲೇ ಅಪ್ಪಣೆ ಕೊಟ್ಟಿದ್ದಳು. "ಬಾನೆಟ್ ಒಂದು ತೆಗೆದಿಡಿ, ಸಾಕು."

ಅವಳು ಬಂದಾಗ ಕಾರಿನ ಪಕ್ಕ ಅವನೊಬ್ಬನೇ ಇರಲಿಲ್ಲ. ಅಂಗಡಿಯ ಸಹಾಯಕಿ ನಿಂತಿದ್ದಳು. ಹೊಸಬಳು. ತುಟಿಗೆ ಕೆಂಪು ಬಣ್ಣ, ಗಾಳಿಗೂ ಅಲುಗದ ಕೂದಲು.

"ಸರ್, ಶಾಲೆಗೆ ತಡ ಆಗುತ್ತೆ," ಎಂದಳು. 'ಸರ್' ಎನ್ನುವುದರಲ್ಲಿ ಇಷ್ಟೊಂದು ಸಕ್ಕರೆ ಹಾಕುವುದೇ!

"ಟ್ಯಾಕ್ಸಿ ಹೇಳಿದ್ದೀನಿ, ಬರುತ್ತೆ," ಎಂದನವನು.

ಇವಳು ತುಟಿ ಕಚ್ಚಿಕೊಂಡು, ತಂದಿದ್ದ ಬ್ಯಾಟರಿಯನ್ನು ಜೋಡಿಸಿ ನಡುವೆ ಮೀಟರ್ ಇಟ್ಟಳು. ನಲವತ್ತು ನಿಮಿಷ ಕಳೆಯಿತು, ಟ್ಯಾಕ್ಸಿ ಇನ್ನೂ ಬಂದಿರಲಿಲ್ಲ. ಇಪ್ಪತ್ತು ಮೂವತ್ತು ಮಿಲಿ ಆಂಪ್ ತೋರಿಸಬೇಕಾದ ಮೀಟರ್ ಎಂಟು ನೂರು ತೋರಿಸಿತು.

ಕಳ್ಳ ಒಳಗೇ ಇದ್ದಾನೆ!

ಒಂದೊಂದೇ ಫ್ಯೂಸ್ ಕಿತ್ತಳು. ಹಾರನ್ನಿನದು, ಅಲ್ಲ. ರೇಡಿಯೋದ್ದು, ಅಲ್ಲ. ಒಳಗಿನ ದೀಪಗಳ ಫ್ಯೂಸ್ ಕಿತ್ತ ಕೂಡಲೇ ಅಂಕಿ ದಡಕ್ಕನೆ ಇಪ್ಪತ್ತಕ್ಕೆ ಬಿತ್ತು. ಮತ್ತೆ ಹಾಕಿ, ಗಾಜಿಗೆ ಅಂಗೈ ಮರೆಮಾಡಿ ಇಣುಕಿದಳು.

ಡ್ರೈವರ್ ಪಕ್ಕದ ಸೀಟು. ತಲೆಯ ಮೇಲೆ ಬಿಸಿಲು ತಡೆಯುವ ಹಲಗೆ. ಅದರಲ್ಲಿ ಮುಖ ನೋಡಿಕೊಳ್ಳುವ ಪುಟ್ಟ ಕನ್ನಡಿ, ಕನ್ನಡಿಗೊಂದು ಮುಚ್ಚಳ. ಮುಚ್ಚಳ ಪೂರ್ತಿ ಮುಚ್ಚಿರಲಿಲ್ಲ. ಸಂದಿಯಿಂದ ಕೂದಲೆಳೆಯಷ್ಟು ಬೆಳಕು.

ಆ ಕೂದಲೆಳೆ ಅವಳ ಎದೆಯನ್ನು ಸೀಳಿಕೊಂಡೇ ಹೋಯಿತು.

ಕನ್ನಡಿ ನೋಡಿಕೊಳ್ಳುವವರು ಯಾರು? ಪಕ್ಕದಲ್ಲಿ ಕೂತು, ತುಟಿಗೆ ಬಣ್ಣ ತೀಡಿಕೊಳ್ಳುವವರು...

"ಸರ್, ಈ ಸೀಟಲ್ಲಿ ಯಾರು ಕೂರ್ತಾರೆ?"

ಅವನ ಕಿವಿ ಕೆಂಪಾಯಿತು. "ಅಲ್ಲಿ? ಲೆನ್ಸ್... ಲೆನ್ಸ್ ಪೆಟ್ಟಿಗೆ."

"ಪೆಟ್ಟಿಗೇನಾ?"

"ಹೂಂ. ಬೆಲ್ಟ್ ಹಾಕಿ ಕೂರಿಸ್ತೀನಿ. ಹಿಂದೆ ಇಟ್ರೆ ಗಾಜು ಒಡೆಯುತ್ತೆ ಅಂತ..."

"ಪೆಟ್ಟಿಗೆ ಮುಖಾನೂ ನೋಡ್ಕೊಳ್ಳುತ್ತಾ?"

ಅವನ ಕಿವಿಯ ಕೆಂಪು ಕುತ್ತಿಗೆಗೆ ಇಳಿಯಿತು. ಸಹಾಯಕಿ ಕಿಸಕ್ಕೆಂದಳು.

ಸಾಕು! ಇನ್ನೇನು ಸಾಕ್ಷಿ ಬೇಕು? ಬಾಗಿಲು ತೆಗೆದು ಮುಚ್ಚಳವನ್ನು ಟಪ್ಪೆಂದು ಮುಚ್ಚಿ, ಸಾಮಾನು ಗುಡಿಸಿಕೊಂಡು ಹೊರಟಳು. "ರಿಪೇರಿ ಆಯ್ತು. ಮುಖ ನೋಡ್ಕೊಳ್ಳೋರಿಗೆ ಮುಚ್ಚೋಕೆ ಹೇಳಿ!"

ಗ್ಯಾರೇಜಿನಲ್ಲಿ ಸ್ಪ್ಯಾನರುಗಳು ಡಬ್ಬಿಗೆ ಬೀಳುವ ಸದ್ದಿಗೇ ಮಾವನಿಗೆ ಎಲ್ಲ ತಿಳಿಯಿತು. ಯಾವ ಗಾಡಿಯ ಯಾವ ಸದ್ದನ್ನಾದರೂ ಬಾಯಲ್ಲೇ ಮಾಡಿ ತೋರಿಸುವ ಮನುಷ್ಯ ಅವನು.

"ಟಕ್... ಟಕ್ಟಕ್ಟಕ್... ಉಂಉಂಉಂ... ಬುಸ್ಸ್!" ಎಂದ. "ಯಾವ ಗಾಡಿ ಹೇಳು ನೋಡೋಣ?"

"ಗೊತ್ತಿಲ್ಲ."

"ನೀನೇ ಕಣೇ! ಬಂದಾಗಿನಿಂದ ಇದೇ ಸೌಂಡು. ಹೊಟ್ಟೇಲಿ ಇಷ್ಟು ಕಿಚ್ಚಿದ್ರೆ ಬ್ಯಾಟರಿ ಯಾಕೆ ಬೇಕು, ಒಂದು ಕೇಬಲ್ ಸಿಕ್ಸಿದ್ರೆ ಲಾರಿನೂ ಸ್ಟಾರ್ಟ್ ಆಗುತ್ತೆ!"

"ಮಾವ! ನನಗ್ಯಾಕೆ ಹೊಟ್ಟೆಕಿಚ್ಚು? ಅವರ ಕಾರು, ಅವರ ಸೀಟು, ಯಾರನ್ನಾದ್ರೂ ಕೂರಿಸ್ಕೊಳ್ಳಲಿ. ಸೋಮವಾರ ಫೋನ್ ಬಂದ್ರೆ ನೀವೇ ಹೋಗಿ."

ಮಾವ ನಗು ನಿಲ್ಲಿಸಿ, ಕೈಯ ಗ್ರೀಸ್ ಒರೆಸಿಕೊಂಡ. "ಹೋಗ್ತೀನಿ. ಆದ್ರೆ ಮಗಳೇ, ದೀಪ ಉರೀತಿತ್ತು ಅಂತ ಮೀಟರ್ ಹೇಳ್ತು. ಹಚ್ಚಿದ್ದು ಯಾರು ಅಂತ ಯಾವ ಮೀಟರ್ ಹೇಳ್ತು?"

ಐದು ದಿನ ಆ ಪ್ರಶ್ನೆ ಅವಳನ್ನು ಸುಮ್ಮನೆ ಬಿಡಲಿಲ್ಲ. ಕೆಂಪು ತುಟಿ ಕನಸಿನಲ್ಲಿ ಬಂದು 'ಸರ್' ಎನ್ನುತ್ತಿತ್ತು! ಸೋಮವಾರ ಮಾವ ಹೋಗುತ್ತಾನೆ, ಆಮೇಲೆ ಆ ಬೀದಿಗೆ ಕಾಲಿಡಲು ತನಗೆ ನೆಪವೇ ಇರುವುದಿಲ್ಲ... ಅವನು ಕೈತಪ್ಪಿ ಹೋಗುತ್ತಾನೆ. ಹೋಗುವುದೇ ಆದರೆ ಕಣ್ಣಾರೆ ನೋಡಿ ಬಿಟ್ಟುಬಿಡೋಣ.

ಶನಿವಾರ ಸಂಜೆ, ಬೆಳಕು ಇನ್ನೂ ಇರುವಾಗಲೇ, ಆ ಬೀದಿಯ ತಿರುವಿನಲ್ಲಿ ನಿಂತಳು.

ಕಾರಿನೊಳಗೆ ದೀಪ!

ಪಕ್ಕದ ಸೀಟಿನಲ್ಲಿ ಯಾರದೋ ನೆರಳು. ಅರ್ಧ ಇಳಿಸಿದ ಗಾಜಿನಿಂದ ಮೊದಲು ಅವನ ದನಿ ಕೇಳಿಸಿತು. ಬೆನ್ನಿಗೇ, ಸಣ್ಣನೆಯ ಹೆಣ್ಣು ದನಿ...

'ಹಿಂದಿರುಗಿ ಹೋಗು' ಎಂದಿತು ಬುದ್ಧಿ. ಹೊಟ್ಟೆಯೊಳಗಿನ ಕಿಚ್ಚು ಮಾತ್ರ ಅವಳನ್ನು ದರದರನೆ ಕಾರಿನವರೆಗೂ ಎಳೆದುಕೊಂಡು ಬಂತು.

ಬಗ್ಗಿ ನೋಡಿದಳು.

ಅವನು. ಅವನೊಬ್ಬನೇ!

ಕನ್ನಡಿಗೆ ಮುಖವಿಟ್ಟು, ಕೂದಲು ಸರಿಮಾಡಿಕೊಂಡು ಹೇಳುತ್ತಿದ್ದ. "ಮೇಡಂ, ಕಾರಿಗೆ ಏನೂ ಆಗಿಲ್ಲ. ಆಗಿರೋದೆಲ್ಲ ನನಗೆ."

ತಕ್ಷಣ ದನಿ ಕೀರಲಾಗಿಸಿ, ಹುಬ್ಬು ಗಂಟಿಕ್ಕಿ, ತಾನೇ ಉತ್ತರ ಕೊಟ್ಟುಕೊಂಡ. "ಹಾಗಿದ್ರೆ ಡಾಕ್ಟರ್ ಹತ್ರ ಹೋಗಿ ಸರ್! ನನಗಿನ್ನೂ ಮೂರು ಗಾಡಿ ನೋಡೋದಿದೆ."

ನಿಟ್ಟುಸಿರು. ಮತ್ತೊಂದು ಯತ್ನ. "ನೀವಂದ್ರೆ ನನಗೆ... ನಿಮ್ಮನ್ನ ನೋಡಿದ್ರೆ ನನಗೆ..."

ಕೀರಲು ದನಿ ಮೂಗು ಮುರಿಯಿತು. "ನೋಡಿದ್ರೆ ಏನು? ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ!"

ಅವನು ಸೋತು ಸೀಟಿಗೊರಗಿದ.

ಅಂದರೆ... ಇಷ್ಟು ದಿನ ತಾನು ಹೊಟ್ಟೆ ಉರಿಸಿಕೊಂಡ ಹೆಣ್ಣು ತಾನೇ! ಕಣ್ಣಲ್ಲಿ ನೀರು, ತುಟಿಯಲ್ಲಿ ನಗು, ಎರಡೂ ಒಟ್ಟಿಗೇ ನುಗ್ಗಿದವು. ಅವುಗಳ ಹಿಂದೆಯೇ ಸಿಟ್ಟು. ಕನ್ನಡಿಯೊಳಗಿನ ಆ ಬಜಾರಿ ತನ್ನ ಹೆಸರಿನಲ್ಲಿ ಇವನನ್ನು ಹೀಗೆ ಬೇಡವೆನ್ನುವುದೇ? ಅವಳಿಗೇನು ಅಧಿಕಾರ?

"ಅವಳು ಹಾಗನ್ನಲ್ಲ," ಎಂದಳು.

ಅವನು ಬೆಚ್ಚಿಬಿದ್ದ ರಭಸಕ್ಕೆ ತಲೆ ಹಲಗೆಗೆ ಬಡಿಯಿತು.

"ಮೇ... ಮೇಡಂ! ನೀವು ಯಾವಾಗ..."

"ಆ ದನಿ ಯಾವಾಗ ಬಂತು ನನಗೆ? ನಾನೇನು ಫ್ಯಾನ್ ಬೆಲ್ಟ್ ಸವೆದಿರೋ ಕಾರಾ, ಹಾಗೆ ಕಿರ್ ಅನ್ನೋಕೆ?"

"ಕ್ಷಮಿಸಿ... ಮನೇಲಿ ಕನ್ನಡಿ ಮುಂದೆ ನಿಂತ್ರೆ ಅಕ್ಕ, ಅಕ್ಕನ ಅವಳಿ ಮಕ್ಕಳು, ಅಮ್ಮ, ಎಲ್ಲರೂ ಬಾಗಿಲು ಬಡೀತಾರೆ. ಅಂಗಡಿ ತುಂಬ ಕನ್ನಡಿ ಇದೆ, ಆದ್ರೆ ಆ ಸಹಾಯಕಿ ಬಾಯಿಗೆ ಸಿಕ್ರೆ ಊರಿಗೆಲ್ಲ ಡಂಗುರ. ಅವತ್ತು ನಕ್ಕಿದ್ದೂ ಅದಕ್ಕೇ, ಒಂದು ದಿನ ಇಲ್ಲೇ ನನ್ನ ನೋಡ್ಬಿಟ್ಟಿದ್ಲು..."

"ಪ್ರತಿ ಶನಿವಾರಾನಾ?"

"ಸೋಮವಾರ ಹೇಳ್ಬೇಕು ಅಂತ. ನೀವು ಬಂದು ಬಾನೆಟ್ ಎತ್ತಿದ್ರೆ ಎಲ್ಲಾ ಮರೆತುಹೋಗುತ್ತೆ. ಮುಚ್ಚಳ ಮುಚ್ಚೋದನ್ನೂ ಸೇರಿಸಿ."

ಅವಳು ಕಿಟಕಿಯ ಅಂಚಿಗೆ ಎರಡೂ ಕೈ ಊರಿದಳು. ಉಗುರಿನ ಸಂದಿಯಲ್ಲಿ ಕರಿ. ಎಂದಿನಂತೆ ಮುಚ್ಚಿಡಬೇಕೆನಿಸಲಿಲ್ಲ.

"ಕನ್ನಡಿ ಬಿಟ್ಟು ಈ ಕಡೆ ತಿರುಗಿ. ಈಗ ಹೇಳಿ."

ಅವನು ತಿರುಗಿದ. ಕಂಠಪಾಠ ಮಾಡಿದ್ದ ಒಂದು ಮಾತೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ.

"ಸೋಮವಾರ ಒಂದೇ ದಿನ ಸಾಲ್ತಾ ಇಲ್ಲ ನನಗೆ. ಏಳು ದಿನಾನೂ ನೀವು ಬೇಕು... ಆಗುತ್ತಾ?"

"ಹೂಂ."

"ಇಷ್ಟೇನಾ? ನಾನು ತಿಂಗಳಿಂದ ಭಯಪಟ್ಟಿದ್ದು ಒಂದು 'ಹೂಂ'ಗಾ?"

"ಸಾಲ್ದಾ?" ಎಂದಳು, ಅವನ ಕೈಯ ಮೇಲೆ ಕೈಯಿಟ್ಟು. "ಹಾಗಾದ್ರೆ ಇನ್ನೊಂದ್ಸಲ ಕೇಳಿ. ಈ ಸಲ ನಿಧಾನವಾಗಿ ಹೇಳ್ತೀನಿ."